ಡ್ರಿಲ್, ಗ್ರೈಂಡರ್‌ಗಳಿಗೆ ಬದಲಿ ಬ್ಯಾಟರಿ: ಒರಿಜಿನಲ್, ಲೋಕಲ್, ಸೆಲ್ ಬದಲಾವಣೆ – ಯಾರಿಗೆ ಯಾವುದು ಸರಿ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಬಡಿಗೇರರು, ಫ್ಯಾಬ್ರಿಕೇಶನ್ ಅಂಗಡಿಯವರು, ದ್ರಾಕ್ಷಿ ಬೆಳೆಗಾರರು ಮತ್ತು ಮನೆಯ ಸಣ್ಣಪುಟ್ಟ ಕೆಲಸಕ್ಕೆಂದು ಒಂದು ಡ್ರಿಲ್ ಇಟ್ಟುಕೊಂಡವರು ಈಚೆಗೆ ಕೇಳುತ್ತಿರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಷಿನ್ ಇನ್ನೂ ಗಟ್ಟಿಯಾಗಿದೆ, ಆದರೆ ಬ್ಯಾಟರಿಯಲ್ಲಿ ಚಾರ್ಜ್ ನಿಲ್ಲುತ್ತಿಲ್ಲ. ಕಂಪನಿಯ ಒರಿಜಿನಲ್ ಪ್ಯಾಕ್ ತುಟ್ಟಿ, ಅಂಗಡಿಯಲ್ಲಿ ಅದರ ಪಕ್ಕದಲ್ಲಿಯೇ ಇಟ್ಟಿರುವ ಲೋಕಲ್ ಪ್ಯಾಕ್ ಅಗ್ಗ, ರಿಪೇರಿಯವರು ಹಳೆಯ ಪ್ಯಾಕಿಗೇ ಹೊಸ ಸೆಲ್ ಹಾಕಿಕೊಡುತ್ತೇವೆ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಆದರೆ ನಿಮ್ಮ ಕೆಲಸ ಬ್ಯಾಟರಿಯಿಂದ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. ಲೇಬಲ್ಲಿನ ಮೇಲೆ ದೊಡ್ಡದಾಗಿ ಅಚ್ಚಾದ ಸಂಖ್ಯೆಗಿಂತ ಒಳಗಿರುವ ಸೆಲ್ಲಿನ ಜಾತಿ ಮತ್ತು ಬೋರ್ಡಿನ ಗುಣಮಟ್ಟವೇ ಮುಖ್ಯ ಎಂಬ ನಿಲುವಿನಿಂದಲೇ ಈ ಹೋಲಿಕೆಯನ್ನು ಬರೆದಿದ್ದೇನೆ.

ಮೊದಲು ದೋಷ ಬ್ಯಾಟರಿಯದೇ ಎಂದು ಖಚಿತಪಡಿಸಿಕೊಳ್ಳಿ

ಇದಕ್ಕೆ ಸಾಮಾನ್ಯ ಮಲ್ಟಿಮೀಟರ್ ಸಾಕು. 18 ವೋಲ್ಟ್ ಎಂದು ಬರೆದಿರುವ ಲಿಥಿಯಂ-ಅಯಾನ್ ಪ್ಯಾಕಿನಲ್ಲಿ ತಲಾ 3.6 ವೋಲ್ಟಿನ ಐದು ಸೆಲ್‌ಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ 4.2 ವೋಲ್ಟಿಗೆ ಏರುವುದರಿಂದ ಇಡೀ ಪ್ಯಾಕ್ 21 ವೋಲ್ಟಿನ ಆಸುಪಾಸು ತೋರಿಸಬೇಕು. ಚಾರ್ಜರಿನ ಹಸಿರು ದೀಪ ಹತ್ತಿದ ಮೇಲೂ ಪ್ಯಾಕ್ 17 ವೋಲ್ಟಿನಲ್ಲಿಯೇ ನಿಂತಿದ್ದರೆ ಒಂದು ಸೆಲ್ ಸತ್ತಿರಬೇಕು ಅಥವಾ ಚಾರ್ಜರೇ ಕೆಟ್ಟಿರಬೇಕು. ಅದೇ ಚಾರ್ಜರಿಗೆ ಪರಿಚಯದವರ ಪ್ಯಾಕ್ ಹಾಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. 21 ವೋಲ್ಟ್ ತೋರಿಸಿಯೂ ಟ್ರಿಗರ್ ಒತ್ತಿದ ಕೂಡಲೇ ಮಷಿನ್ ನಿಂತುಹೋದರೆ ಸೆಲ್‌ಗಳ ಒಳರೋಧ ಹೆಚ್ಚಾಗಿದೆ, ಅಂದರೆ ಅವು ಮುದಿಯಾಗಿವೆ. ಬೇರೆ ಒಳ್ಳೆಯ ಪ್ಯಾಕ್ ಹಾಕಿದರೂ ಮಷಿನ್ ಸೊರಗಿದಂತೆ ತಿರುಗಿದರೆ ಕಾರ್ಬನ್ ಬ್ರಶ್ ಸವೆದಿರಬಹುದು, ಟರ್ಮಿನಲ್ಲುಗಳಿಗೆ ಧೂಳು ಅಥವಾ ಕಿಲುಬು ಹಿಡಿದಿರಬಹುದು. ಬ್ರಶ್ ಜೋಡಿಯೊಂದಕ್ಕೆ ಆಗುವ ಖರ್ಚು ಬ್ಯಾಟರಿಯ ಮುಂದೆ ಏನೂ ಅಲ್ಲ.

ಯಾವ ಮಾನದಂಡಗಳಿಂದ ಅಳೆಯಬೇಕು

ಮೊದಲನೆಯದು ಕರೆಂಟ್. ಮರದಲ್ಲಿ ಸಣ್ಣ ಸ್ಕ್ರೂ ಬಿಗಿಯುವ ಡ್ರಿಲ್ಲಿಗೆ ಕೆಲವೇ ಆಂಪಿಯರ್ ಸಾಕಾಗುತ್ತದೆ. ಆದರೆ ನಾಲ್ಕು ಇಂಚಿನ ಗ್ರೈಂಡರ್ ಕಬ್ಬಿಣದ ಆ್ಯಂಗಲ್ ಕಡಿಯುವಾಗ 600 ವ್ಯಾಟ್ ಎಳೆಯಿತೆಂದರೆ, 18 ವೋಲ್ಟಿನಲ್ಲಿ ಅದು ಸುಮಾರು 33 ಆಂಪಿಯರ್ ಆಗುತ್ತದೆ. ಐದೇ ಸೆಲ್‌ಗಳ ಪ್ಯಾಕಿನಲ್ಲಿ ಈ 33 ಆಂಪಿಯರ್ ಪೂರ್ತಿಯಾಗಿ ಪ್ರತಿಯೊಂದು ಸೆಲ್ಲಿನ ಮೂಲಕವೂ ಹರಿಯಬೇಕು. ಹತ್ತು ಸೆಲ್‌ಗಳ ಪ್ಯಾಕಿನಲ್ಲಿ ಎರಡೆರಡು ಸೆಲ್‌ಗಳು ಸಮಾಂತರವಾಗಿ ಜೋಡಣೆಯಾಗಿರುವುದರಿಂದ ಒಂದೊಂದರ ಪಾಲಿಗೆ 16-17 ಆಂಪಿಯರ್ ಮಾತ್ರ ಬರುತ್ತದೆ. ಈಗ ಸೆಲ್‌ಗಳನ್ನು ನೋಡಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಎಂಬ ಅಳತೆಯ ಸೆಲ್‌ಗಳಲ್ಲಿಯೇ ಸ್ಯಾಮ್‌ಸಂಗ್ 25ಆರ್ ಎಂಬುದು 2.5 ಆಂಪಿಯರ್-ಅವರ್ ಸಾಮರ್ಥ್ಯದ್ದಾಗಿದ್ದು 20 ಆಂಪಿಯರ್ ಸತತವಾಗಿ ಕೊಡಬಲ್ಲದು. ಅದೇ ಕಂಪನಿಯ 35ಇ ಎಂಬುದು 3.5 ಆಂಪಿಯರ್-ಅವರ್ ಹಿಡಿಯುತ್ತದೆ, ಆದರೆ ಸತತವಾಗಿ ಕೊಡುವುದು 8 ಆಂಪಿಯರ್ ಮಾತ್ರ. ಎರಡನೆಯದನ್ನು ಟಾರ್ಚಿಗೆ ಹಾಕಿದರೆ ಸೊಗಸಾಗಿ ಬಾಳುತ್ತದೆ, ಗ್ರೈಂಡರಿಗೆ ಹಾಕಿದರೆ ಕಾದು ಬೇಗ ಸಾಯುತ್ತದೆ. ಹೆಚ್ಚು ಆಂಪಿಯರ್-ಅವರ್ ಎಂದರೆ ಹೆಚ್ಚು ಬಲ ಎಂಬ ನಂಬಿಕೆಯಿಂದ ಹಣ ಕಳೆದುಕೊಳ್ಳುವವರು ಬಹಳ ಜನ. ಸಂಗ್ರಹದ ಸಾಮರ್ಥ್ಯವೇ ಬೇರೆ, ಒಮ್ಮೆಲೇ ಕೊಡುವ ತಾಕತ್ತೇ ಬೇರೆ.

ಎರಡನೆಯದು ನಿಜವಾದ ಸಂಗ್ರಹ. ಇದನ್ನು ವ್ಯಾಟ್-ಅವರ್‌ನಲ್ಲಿ ಹೋಲಿಸಬೇಕು: ವೋಲ್ಟ್ ಮತ್ತು ಆಂಪಿಯರ್-ಅವರ್‌ಗಳನ್ನು ಗುಣಿಸಿದರೆ ಸಿಗುತ್ತದೆ. 18 ವೋಲ್ಟ್, 2 ಆಂಪಿಯರ್-ಅವರ್ ಪ್ಯಾಕ್ 36 ವ್ಯಾಟ್-ಅವರ್. 5 ಆಂಪಿಯರ್-ಅವರ್ ಪ್ಯಾಕ್ 90. ಒಂದು ಕಂಪನಿ 18 ವೋಲ್ಟ್ ಎನ್ನುವುದು, ಇನ್ನೊಂದು 20 ವೋಲ್ಟ್ ಮ್ಯಾಕ್ಸ್ ಎನ್ನುವುದು, ಅಗ್ಗದ ಪ್ಯಾಕುಗಳು 21 ವೋಲ್ಟ್ ಎನ್ನುವುದು ಇವೆಲ್ಲ ಅವೇ ಐದು ಸೆಲ್‌ಗಳ ಸರಣಿ. ಒಬ್ಬರು ಸಾಧಾರಣ ವೋಲ್ಟೇಜನ್ನು ಹೇಳಿದರೆ ಇನ್ನೊಬ್ಬರು ಪೂರ್ತಿ ಚಾರ್ಜಿನ ವೋಲ್ಟೇಜನ್ನು ಹೇಳುತ್ತಾರೆ. 48 ವಿಎಫ್, 88 ವಿಎಫ್ ಎಂದು ಮಿರುಗುವ ಅಕ್ಷರಗಳಲ್ಲಿ ಬರೆದಿರುವುದು ವೋಲ್ಟೇಜ್ ಅಲ್ಲವೇ ಅಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆಯೇ ಒಂದು 18650 ಸೆಲ್ಲಿನಲ್ಲಿ ಹಿಡಿಸುವುದು ಹೆಚ್ಚೆಂದರೆ 3.5 ಆಂಪಿಯರ್-ಅವರ್ ಆಸುಪಾಸು. ಆದ್ದರಿಂದ ಇಂಥ ಐದೇ ಸೆಲ್‌ಗಳಿರುವ ಪ್ಯಾಕಿನ ಮೇಲೆ 6 ಅಥವಾ 8 ಎಂದು ಬರೆದಿದ್ದರೆ ಅದು ಸುಳ್ಳು ಎಂದು ಅಲ್ಲಿಯೇ ತೀರ್ಮಾನಿಸಬಹುದು.

ಮೂರನೆಯದು ಬಿಎಂಎಸ್ ಎಂದು ಕರೆಯುವ ರಕ್ಷಣಾ ಬೋರ್ಡ್. ಸೆಲ್ 4.2 ವೋಲ್ಟ್ ದಾಟದಂತೆ, ತೀರ ಕೆಳಗಿಳಿಯದಂತೆ, ಮಿತಿಮೀರಿ ಕಾಯದಂತೆ ನೋಡಿಕೊಳ್ಳುವುದು ಇದರ ಕೆಲಸ. ಒಳ್ಳೆಯ ಪ್ಯಾಕಿನಲ್ಲಿ ಸೆಲ್ಲಿಗೆ ಅಂಟಿಸಿದ ಬಿಸಿಯನ್ನು ಅಳೆಯುವ ಒಂದು ಸಣ್ಣ ಥರ್ಮಿಸ್ಟರ್ ಇರುತ್ತದೆ; ಬಿಸಿ ಹೆಚ್ಚಾದರೆ ಚಾರ್ಜರ್ ತಾನೇ ಚಾರ್ಜ್ ಮಾಡುವುದನ್ನು ತಡೆಹಿಡಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರ, ಬಾಗಲಕೋಟೆಗಳಲ್ಲಿ ಈ ಥರ್ಮಿಸ್ಟರ್ ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್‌ಗಳನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯಿರುವಾಗ ಚಾರ್ಜ್ ಮಾಡಬಾರದು, ಮತ್ತು ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಗ್ರೈಂಡರಿನಿಂದ ಆಗಷ್ಟೇ ಕಳಚಿದ ಪ್ಯಾಕ್ ಆ ಮಿತಿಯನ್ನು ಸುಲಭವಾಗಿ ದಾಟಿರುತ್ತದೆ.

ಉಳಿದದ್ದು ಬೆಲೆ. ಅದನ್ನು ಪ್ಯಾಕಿಗೆ ಎಷ್ಟು ಎಂದು ಕೇಳುವ ಬದಲು ಒಂದು ಚಾರ್ಜಿಗೆ ಎಷ್ಟು ಬಿತ್ತು ಎಂದು ನೋಡಬೇಕು. ಇಲ್ಲಿ ಹಿಡಿದಿರುವ ಅಂಕಿಗಳು ಮಾರುಕಟ್ಟೆಯ ದರಗಳಲ್ಲ, ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. 6,000 ರೂಪಾಯಿಯ ಪ್ಯಾಕ್ ನಿಜವಾಗಿ 72 ವ್ಯಾಟ್-ಅವರ್ ಕೊಟ್ಟು 400 ಸಲ ಚಾರ್ಜ್ ಆದರೆ ಸಲಕ್ಕೆ 15 ರೂಪಾಯಿ ಬೀಳುತ್ತದೆ. 1,800 ರೂಪಾಯಿಯ ಪ್ಯಾಕ್ ನಿಜವಾಗಿ 27 ವ್ಯಾಟ್-ಅವರ್ ಮಾತ್ರ ಕೊಟ್ಟು 100 ಸಲಕ್ಕೆ ಮುಗಿದರೆ ಸಲಕ್ಕೆ 18 ರೂಪಾಯಿ, ಅದೂ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕೆಲಸಕ್ಕೆ. ದಿನವೂ ದುಡಿಯುವ ಪ್ಯಾಕಿಗೆ ಈ ಲೆಕ್ಕ ಸರಿ. ವರ್ಷಕ್ಕೆ ಹತ್ತು ಸಲವೂ ಚಾರ್ಜ್ ಮಾಡದ ಮನೆಯವರಿಗೆ ಇದು ಹೊಂದುವುದಿಲ್ಲ, ಏಕೆಂದರೆ ಲಿಥಿಯಂ ಸೆಲ್ ಸುಮ್ಮನೆ ಇಟ್ಟರೂ ವರ್ಷಗಳು ಕಳೆದಂತೆ ಮುದಿಯಾಗುತ್ತದೆ; 400 ಚಾರ್ಜಿನ ಆಯುಷ್ಯಕ್ಕೆ ದುಡ್ಡು ಕೊಟ್ಟು ಐವತ್ತನ್ನೂ ಬಳಸದೆ ಹೋಗಬಹುದು.

ಕಂಪನಿಯ ಒರಿಜಿನಲ್ ಪ್ಯಾಕ್

ಬಾಷ್, ಮಕಿಟಾ, ಡಿವಾಲ್ಟ್ ಮುಂತಾದ ಕಂಪನಿಗಳ ಪ್ಯಾಕಿನಲ್ಲಿ ನಾವು ಕೊಡುವ ಹೆಚ್ಚಿನ ಹಣ ಹೋಗುವುದು ಹೆಚ್ಚು ಕರೆಂಟ್ ಕೊಡುವ ಸೆಲ್‌ಗಳಿಗೆ ಮತ್ತು ಮಷಿನ್, ಚಾರ್ಜರುಗಳೊಂದಿಗೆ ಮಾತಾಡುವ ಬೋರ್ಡಿಗೆ. ಈ ಸಂವಹನದ ಬೆಲೆ ಹೊರಗೆ ಕಾಣುವುದಿಲ್ಲ. ಕೆಲವು ವ್ಯವಸ್ಥೆಗಳಲ್ಲಿ ಬ್ಯಾಟರಿ ತೀರ ಕೆಳಗಿಳಿದಾಗ ಕರೆಂಟನ್ನು ಕಡಿಯುವುದು ಪ್ಯಾಕಿನೊಳಗಿನ ಬೋರ್ಡ್ ಅಲ್ಲ, ಅದರ ಸೂಚನೆಯಂತೆ ನಡೆಯುವ ಮಷಿನ್. ಎರಡೂ ಒಂದೇ ಕುಟುಂಬದವಾಗಿದ್ದಾಗ ಮಾತ್ರ ಈ ಕೆಲಸ ಸರಿಯಾಗಿ ನಡೆಯುತ್ತದೆ.

ಒರಿಜಿನಲ್ ಕೊಳ್ಳಲು ನಿರ್ಧರಿಸಿದವರು ಮುಂದೆ ಆರಿಸಬೇಕಾದದ್ದು ಗಾತ್ರವನ್ನು. ಏಣಿ ಹತ್ತಿ ತಲೆಯ ಮೇಲೆ ಕೈಯೆತ್ತಿ ಫಾಲ್ಸ್ ಸೀಲಿಂಗ್ ಸ್ಕ್ರೂ ಹೊಡೆಯುವವರಿಗೆ, ವೈರಿಂಗ್ ಮಾಡುವವರಿಗೆ, ಐದು ಸೆಲ್‌ಗಳ 2 ಆಂಪಿಯರ್-ಅವರ್ ಪ್ಯಾಕ್ ಎರಡಿದ್ದರೆ ಅದು 5 ಆಂಪಿಯರ್-ಅವರ್‌ನ ಒಂದಕ್ಕಿಂತ ಮೇಲು. ಒಂದು ಚಾರ್ಜಿಗಿರುವಾಗ ಇನ್ನೊಂದು ಕೆಲಸದಲ್ಲಿರುತ್ತದೆ, ಸಂಜೆಯ ಹೊತ್ತಿಗೆ ಭುಜವೂ ನೋಯುವುದಿಲ್ಲ. ಗ್ರೈಂಡರ್, ರೋಟರಿ ಹ್ಯಾಮರ್, ಸರ್ಕ್ಯುಲರ್ ಸಾ ಬಳಸುವವರು ಹತ್ತು ಸೆಲ್‌ಗಳ ಪ್ಯಾಕನ್ನೇ ಕೊಳ್ಳಬೇಕು, ಅಥವಾ 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ 21700 ಸೆಲ್‌ಗಳಿರುವ ಪ್ಯಾಕನ್ನು. ಬಾಷ್‌ನ ಪ್ರೊಕೋರ್ ಸಾಲಿನ ಪ್ಯಾಕುಗಳು ಇಂಥ ಸೆಲ್‌ಗಳವು. ಇವು ಕಡಿಮೆ ತೂಕದಲ್ಲಿ ಹೆಚ್ಚು ಕರೆಂಟ್ ಕೊಡುತ್ತವೆ. ವಿಮಾನದಲ್ಲಿ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು: ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿಯೇ ಒಯ್ಯಬೇಕು, ಮತ್ತು 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು, 18 ವೋಲ್ಟಿನ 5 ಆಂಪಿಯರ್-ಅವರ್ ಪ್ಯಾಕ್ ಮಿತಿಯೊಳಗೆ ಬರುತ್ತದೆ, 6ರದ್ದು ಬರುವುದಿಲ್ಲ.

ಕೊಳ್ಳುವ ಮೊದಲು ಇನ್ನೊಂದು ದರವನ್ನೂ ಕೇಳಿ. ಮಷಿನ್, ಎರಡು ಬ್ಯಾಟರಿ, ಚಾರ್ಜರ್ ಸೇರಿದ ಕಿಟ್ ಅನೇಕ ಸಲ ಎರಡು ಬಿಡಿ ಬ್ಯಾಟರಿಗಳ ಬೆಲೆಗೆ ಹತ್ತಿರವೇ ಇರುತ್ತದೆ. ನಿಮ್ಮ ಮಷಿನಿನ ಚಕ್ ಸಡಿಲವಾಗಿ, ಗೇರ್ ಸದ್ದು ಮಾಡುತ್ತಿದ್ದರೆ ಹಳೆಯದಕ್ಕೆ ಹೊಸ ಬ್ಯಾಟರಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಹೊಂದುವ ಲೋಕಲ್ ಪ್ಯಾಕ್

ಇದೊಂದೇ ಹೆಸರಿನಡಿ ಎರಡು ಬಗೆಯ ಮಾಲು ಮಾರಾಟವಾಗುತ್ತಿದೆ. ಒಂದು, ಹೆಸರು, ವಿಳಾಸ, ವಾರಂಟಿ ಇರುವ ತಯಾರಕರು ಬೇರೆ ಕಂಪನಿಯ ಮಷಿನಿಗೆ ಕೂಡುವಂತೆ ಮಾಡಿದ ಪ್ಯಾಕ್. ಇನ್ನೊಂದು, ತಯಾರಕರ ಸುಳಿವೇ ಇಲ್ಲದ, ಪ್ರಸಿದ್ಧ ಕಂಪನಿಯ ಬಣ್ಣ ಬಳಿದ ಡುಪ್ಲಿಕೇಟ್. ಮೊದಲನೆಯದರಲ್ಲಿ ಒಳ್ಳೆಯವೂ ಇವೆ. ಎರಡನೆಯದನ್ನು ಯಾವ ಬೆಲೆಗೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇಲ್ಲಿ ಪಣಕ್ಕಿಡುವುದು ಬರೀ ದುಡ್ಡನ್ನಲ್ಲ; ಕಟ್ಟಿಗೆಯ ಹೊಟ್ಟು ಹರಡಿರುವ ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿದ ರಕ್ಷಣೆಯಿಲ್ಲದ ಲಿಥಿಯಂ ಪ್ಯಾಕಿಗೆ ಬೆಂಕಿ ಹತ್ತಿದರೆ ಅದನ್ನು ನಂದಿಸುವುದು ಕಷ್ಟ.

ಇವೆರಡನ್ನು ಬೇರ್ಪಡಿಸುವುದು ಹೇಗೆ? ತಕ್ಕಡಿಯಲ್ಲಿ ತೂಗಿ ನೋಡುವುದು ಅತ್ಯಂತ ಸರಳ ಉಪಾಯ, ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾ ಸಾಕು. ನಿಜವಾದ ಒಂದು 18650 ಸೆಲ್ 45ರಿಂದ 48 ಗ್ರಾಂ ಇರುತ್ತದೆ, 21700 ಸುಮಾರು 70 ಗ್ರಾಂ. ಹತ್ತು 18650 ಸೆಲ್‌ಗಳೇ 450 ಗ್ರಾಂ ದಾಟುತ್ತವೆ. ಕವಚ, ಬೋರ್ಡ್, ಟರ್ಮಿನಲ್ ಸೇರಿದರೆ ಪ್ಯಾಕ್ 600 ಗ್ರಾಮಿನ ಆಸುಪಾಸು ಇರಲೇಬೇಕು. 5 ಆಂಪಿಯರ್-ಅವರ್ ಎಂದು ಬರೆದ ದಪ್ಪನೆಯ ಪ್ಯಾಕ್ ಕಾಟಾದ ಮೇಲೆ 400 ಗ್ರಾಂ ತೋರಿಸಿದರೆ ಒಳಗೆ ಐದೇ ಸೆಲ್‌ಗಳಿವೆ, ಉಳಿದ ಜಾಗ ಖಾಲಿ. ಇದರ ಜೊತೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತನ್ನು ನೋಡಿ. ಲಿಥಿಯಂ ಸೆಲ್ ಮತ್ತು ಬ್ಯಾಟರಿಗಳಿಗೆ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯವಾಗಿದೆ. ಗುರುತಿನ ಜೊತೆಗೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿ, ಯಾವ ವಸ್ತುವಿಗೆ ನೋಂದಣಿಯಾಗಿದೆ ಎಂಬುದು ಅಂಗಡಿಯ ಮುಂದೆ ನಿಂತಲ್ಲಿಯೇ ತಿಳಿಯುತ್ತದೆ. ಪಕ್ಕಾ ಬಿಲ್ ಕೊಡಲು ಒಲ್ಲೆನೆನ್ನುವ ಅಂಗಡಿಯಲ್ಲಿ ವಾರಂಟಿಯ ಮಾತು ಬಾಯಿಮಾತಾಗಿಯೇ ಉಳಿಯುತ್ತದೆ.

ಅಗ್ಗದ 21 ವೋಲ್ಟಿನ ಮಷಿನುಗಳಲ್ಲಿ ಬಹಳಷ್ಟು ಮಕಿಟಾ ಮಾದರಿಯ ಜಾರುವ ಕೂಡಿಕೆಯನ್ನೇ ಬಳಸುವುದರಿಂದ ಆ ಪ್ಯಾಕನ್ನು ದುಬಾರಿ ಮಷಿನಿಗೆ ಹಾಕುವ ಆಸೆ ಹುಟ್ಟುವುದು ಸಹಜ. ಕೂಡಿಕೆ ಹೊಂದಿದ ಮಾತ್ರಕ್ಕೆ ಸೂಚನೆಯ ಪಿನ್‌ಗಳು ಹೊಂದುತ್ತವೆ ಎಂದಾಗುವುದಿಲ್ಲ. ಒಂದು ಕಂಪನಿಯ ಪ್ಯಾಕನ್ನು ಇನ್ನೊಂದರ ಮಷಿನಿಗೆ ಹಾಕುವ ಅಡಾಪ್ಟರುಗಳದೂ ಇದೇ ತೊಂದರೆ: ಕಡಿತದ ಸೂಚನೆ ದಾಟದೆ ಸೆಲ್‌ಗಳು ತಳ ಮುಟ್ಟುವವರೆಗೂ ಬರಿದಾಗಬಹುದು. ಅಡಾಪ್ಟರ್ ಬಳಸಲೇಬೇಕಾದರೆ ಮಷಿನಿನ ಬಲ ಕುಗ್ಗಿದ್ದು ಕಂಡ ಕೂಡಲೇ ಪ್ಯಾಕ್ ಕಳಚಿ, ಅದರಲ್ಲಿಯೇ ಬಿಟ್ಟು ಮನೆಗೆ ಹೋಗಬೇಡಿ.

ಹಳೆಯ ಪ್ಯಾಕಿಗೆ ಹೊಸ ಸೆಲ್

ಬೆಳಗಾವಿಯಂಥ ಕೈಗಾರಿಕೆಯ ಊರಿನಲ್ಲಿ ಈ ದಾರಿ ನಿಜಕ್ಕೂ ಉಪಯುಕ್ತ, ಆದರೆ ಎಲ್ಲವೂ ಕೆಲಸ ಮಾಡುವವರ ಕೈಗುಣದ ಮೇಲೆ ನಿಂತಿದೆ. ಒಳ್ಳೆಯ ಕೆಲಸ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ತಿಳಿದಿರಬೇಕು. ನಕ್ಷತ್ರದ ತಲೆಯ ಸ್ಕ್ರೂಗಳನ್ನು ಬಿಚ್ಚಿ ಕವಚ ಎತ್ತಿದಾಗ ಸೆಲ್‌ಗಳು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂತಿರುತ್ತವೆ, ಅವುಗಳ ನಡುವೆ ನಿಕ್ಕಲ್ ಪಟ್ಟಿಗಳು ಹಾದುಹೋಗಿರುತ್ತವೆ. ನುರಿತವರು ಹೊಸ ಸೆಲ್‌ಗಳನ್ನು ಜೋಡಿಸುವ ಮೊದಲು ಪ್ರತಿಯೊಂದರ ವೋಲ್ಟೇಜ್ ಅಳೆದು ಒಂದೇ ಮಟ್ಟದಲ್ಲಿರುವವನ್ನು ಮಾತ್ರ ಆರಿಸುತ್ತಾರೆ, ಧನ ತುದಿಗೆ ಕಾಗದದ ಉಂಗುರ ಅಂಟಿಸುತ್ತಾರೆ, ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿ ಬೆರಳಿನಿಂದ ಜಗ್ಗಿ ನೋಡುತ್ತಾರೆ, ಕೊನೆಗೆ ಥರ್ಮಿಸ್ಟರನ್ನು ಮೊದಲಿದ್ದ ಜಾಗಕ್ಕೇ ಅಂಟಿಸುತ್ತಾರೆ. ಕಾಯ್ದ ಸೋಲ್ಡರಿಂಗ್ ಕಡ್ಡಿಯನ್ನು ನೇರವಾಗಿ ಸೆಲ್ಲಿಗೆ ಒತ್ತುವವರಿದ್ದರೆ ಪ್ಯಾಕನ್ನು ವಾಪಸ್ ತೆಗೆದುಕೊಂಡು ಬನ್ನಿ. ಆ ಬಿಸಿ ಸೆಲ್ಲಿನ ಒಳಪದರಕ್ಕೆ ತಗುಲಿ ಹೊಸ ಸೆಲ್ಲನ್ನೇ ಕೆಡಿಸುತ್ತದೆ. ನಿಕ್ಕಲ್ ಲೇಪಿಸಿದ ಉಕ್ಕಿನ ಪಟ್ಟಿಗೆ ರೋಧ ಹೆಚ್ಚು, ಗ್ರೈಂಡರಿನ ಕರೆಂಟಿಗೆ ಅದು ಕಾಯುತ್ತದೆ. ಪಟ್ಟಿಯ ಚೂರನ್ನು ಗೀಚಿ ಉಪ್ಪುನೀರಿನಲ್ಲಿ ಹಾಕಿಟ್ಟರೆ ಉಕ್ಕಿನದು ತುಕ್ಕು ಹಿಡಿಯುತ್ತದೆ, ಶುದ್ಧ ನಿಕ್ಕಲ್ ಹಿಡಿಯುವುದಿಲ್ಲ.

ಇಲ್ಲಿ ಮೂರು ಮಾತುಗಳನ್ನು ಮೊದಲೇ ಒಪ್ಪಿಸಿಕೊಳ್ಳಬೇಕು. ಸೆಲ್ಲಿನ ಕಂಪನಿ, ಮಾದರಿ ಯಾವುದೆಂದು ಬಿಲ್ಲಿನಲ್ಲಿ ಬರೆಯಬೇಕು. ಒಂದೆರಡು ಸತ್ತ ಸೆಲ್‌ಗಳನ್ನಷ್ಟೇ ಬದಲಿಸದೆ ಪೂರ್ತಿ ಗುಂಪನ್ನು ಬದಲಿಸಬೇಕು, ಏಕೆಂದರೆ ಹೊಸದರ ಪಕ್ಕದಲ್ಲಿರುವ ಹಳೆಯ ಸೆಲ್ ಮೊದಲು ಬರಿದಾಗಿ ಇಡೀ ಪ್ಯಾಕನ್ನು ನಿಲ್ಲಿಸುತ್ತದೆ. ಲ್ಯಾಪ್‌ಟಾಪಿನಿಂದ ತೆಗೆದ ಹಳೆಯ ಸೆಲ್‌ಗಳನ್ನು ಹಾಕಕೂಡದು. ಕೆಲವು ಕಂಪನಿಗಳ ಬೋರ್ಡ್ ದೋಷವನ್ನು ನೆನಪಿನಲ್ಲಿಟ್ಟುಕೊಂಡು ಸೆಲ್ ಬದಲಿಸಿದ ಮೇಲೂ ಚಾರ್ಜ್ ಒಪ್ಪುವುದಿಲ್ಲ ಎಂಬುದೂ ಗೊತ್ತಿರಲಿ; ಹಾಗಾದರೆ ದುಡ್ಡು ಯಾರದು ಎಂಬುದನ್ನು ಮುಂಚೆಯೇ ಮಾತಾಡಿಕೊಳ್ಳಿ. ಸೆಲ್ 2 ವೋಲ್ಟಿಗಿಂತ ಕೆಳಗಿಳಿದು ಬಹುದಿನ ಬಿದ್ದಿದ್ದ ಪ್ಯಾಕನ್ನು ಬೇರೆ ಬ್ಯಾಟರಿಯಿಂದ ಹೊಡೆತ ಕೊಟ್ಟು ಎಬ್ಬಿಸುವ ರೂಢಿ ಅಪಾಯಕರ. ಒಳಗಿನ ತಾಮ್ರ ಕರಗಿ ಬೇರೆಡೆ ಕೂತು, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು.

ಹಳೆಯ 12, 14.4, 18 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಡ್ರಿಲ್ ಇರುವವರಿಗೆ ಒರಿಜಿನಲ್ ಪ್ಯಾಕ್ ಸಿಗುವುದು ಅಪರೂಪ, ಸೆಲ್ ಬದಲಾವಣೆಯೇ ದಾರಿ. ಈ ಸೆಲ್‌ಗಳು ತಲಾ 1.2 ವೋಲ್ಟಿನವು, ಆದ್ದರಿಂದ 12 ವೋಲ್ಟಿಗೆ ಹತ್ತು ಬೇಕು. ಅವುಗಳ ಬದಲು ಮೂರು ಲಿಥಿಯಂ ಸೆಲ್ (14.4 ವೋಲ್ಟಿಗೆ ನಾಲ್ಕು, 18ಕ್ಕೆ ಐದು) ಹಾಕಿದರೆ ಪ್ಯಾಕ್ ಹಗುರವಾಗುತ್ತದೆ, ವಾರಗಟ್ಟಲೆ ಇಟ್ಟರೂ ಚಾರ್ಜ್ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಹಳೆಯ ಚಾರ್ಜರನ್ನು ಆ ದಿನವೇ ಬದಿಗಿಡಬೇಕು, ತಕ್ಕ ಬಿಎಂಎಸ್ ಮತ್ತು ಲಿಥಿಯಂ ಚಾರ್ಜರ್ ಎರಡೂ ಬೇಕು. ಈ ಖರ್ಚು ಸೇರಿಸಿದಾಗ ಹೊಸ ಸಾಧಾರಣ ಡ್ರಿಲ್ಲಿನ ಬೆಲೆಗೆ ಹತ್ತಿರ ಬಂದರೆ ಹಳೆಯದರ ಮೋಹ ಬಿಡುವುದೇ ಲೇಸು.

ಯಾರಿಗೆ ಯಾವುದು

ದಿನವೂ ಗ್ರೈಂಡರ್, ಹ್ಯಾಮರ್ ಹಿಡಿಯುವ ಫ್ಯಾಬ್ರಿಕೇಶನ್‌ನವರು, ಬೆಳಗಾವಿಯ ಉದ್ಯಮಬಾಗದ ಕಡೆ ಫೌಂಡ್ರಿ ಕೆಲಸಕ್ಕೆ ಮಷಿನ್ ಬಳಸುವವರು ಹತ್ತು ಸೆಲ್‌ಗಳ ಒರಿಜಿನಲ್ ಪ್ಯಾಕನ್ನೇ ಕೊಳ್ಳಬೇಕು. ಕೈ ಬಿಗಿಯಿದ್ದರೆ ಒಂದನ್ನು ಒರಿಜಿನಲ್ ಕೊಂಡು, ಇನ್ನೊಂದಕ್ಕೆ ಹೆಚ್ಚು ಕರೆಂಟಿನ ಸೆಲ್ ಹಾಕಿಸಿಕೊಳ್ಳಬಹುದು. ಮೇಜಿನ ಮೇಲೆ ಒಂದೇ ಕಡೆ ನಿಂತು ಕಡಿಯುವ ಕೆಲಸಕ್ಕೆ ವೈರ್ ಇರುವ ಗ್ರೈಂಡರನ್ನೇ ಇಟ್ಟುಕೊಂಡು ಬ್ಯಾಟರಿಯದನ್ನು ಸೈಟಿಗೆ ಮೀಸಲಿಟ್ಟರೆ ಪ್ಯಾಕುಗಳ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ. ಬಡಿಗೇರರಿಗೆ, ಎಲೆಕ್ಟ್ರಿಷಿಯನ್‌ರಿಗೆ ಚಿಕ್ಕ ಪ್ಯಾಕ್ ಎರಡು. ಇಲ್ಲಿ ಹೆಸರುಳ್ಳ ತಯಾರಕರ ಹೊಂದುವ ಪ್ಯಾಕ್ ಕೂಡ ನಡೆಯುತ್ತದೆ, ಡ್ರಿಲ್ ಎಳೆಯುವ ಕರೆಂಟ್ ಅಷ್ಟು ಕ್ರೂರವಾದುದಲ್ಲ. ಮನೆಯವರಿಗೆ ನೋಂದಣಿ ಸಂಖ್ಯೆಯಿರುವ ಐದು ಸೆಲ್‌ಗಳ ಒಂದು ಪ್ಯಾಕ್ ಧಾರಾಳವಾಯಿತು.

ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರರದು ಬೇರೆಯೇ ಬಗೆಯ ಬಳಕೆ. ಬ್ಯಾಟರಿ ಕತ್ತರಿ ಏಪ್ರಿಲ್ ಚಾಟನಿಯಲ್ಲಿ (ಬಳ್ಳಿ ಸವರುವ ಕೆಲಸದಲ್ಲಿ) ಮತ್ತು ಅಕ್ಟೋಬರ್ ಚಾಟನಿಯಲ್ಲಿ ಹಗಲಿಡೀ ದುಡಿದು ನಡುವಿನ ತಿಂಗಳುಗಳಲ್ಲಿ ಮೂಲೆ ಸೇರುತ್ತದೆ. ಕತ್ತರಿ ಸೆಳೆಯುವ ಕರೆಂಟ್ ಬಿಟ್ಟು ಬಿಟ್ಟು ಬರುವುದರಿಂದ ಮಧ್ಯಮ ಸೆಲ್ ಸಾಕು, ಆದರೆ ಪ್ಯಾಕುಗಳು ಹೆಚ್ಚಿರಬೇಕು, ಮತ್ತು ಇಲ್ಲಿ ಪ್ಯಾಕ್ ಸಾಯುವುದು ದುಡಿದಾಗಲ್ಲ, ಬರಿದಾಗಿಯೇ ಎತ್ತಿಟ್ಟಾಗ. ಅರ್ಧ ಚಾರ್ಜ್ ಮಾಡಿ, ಮಷಿನಿನಿಂದ ಕಳಚಿ, ತಂಪಾದ ಕೋಣೆಯಲ್ಲಿಟ್ಟು, ಎರಡು-ಮೂರು ತಿಂಗಳಿಗೊಮ್ಮೆ ನೋಡಿ ಅರ್ಧಕ್ಕೆ ತಂದಿಡುವವರ ಪ್ಯಾಕ್ ಮುಂದಿನ ಚಾಟನಿಗೂ ಸಿದ್ಧವಾಗಿರುತ್ತದೆ. ಕಾರಿನ ಡಿಕ್ಕಿಯಲ್ಲಿ, ತೋಟದ ತಗಡಿನ ಮನೆಯಲ್ಲಿ ಬಿಟ್ಟರೆ ಬೇಸಿಗೆಯೊಂದೇ ಸಾಕು ಅದನ್ನು ಮುಗಿಸಲು.

ಯಾವ ಪ್ಯಾಕ್ ತಂದರೂ ಮೊದಲ ವಾರದಲ್ಲಿಯೇ ಅದನ್ನು ನಿಮ್ಮ ಅತ್ಯಂತ ಭಾರದ ಕೆಲಸಕ್ಕೆ ಹಾಕಿ, ಎಷ್ಟು ಹೊತ್ತು ನಡೆಯಿತು, ಮುಟ್ಟಿದರೆ ಎಷ್ಟು ಬಿಸಿಯಾಗಿದೆ ಎಂದು ಬಿಲ್ಲಿನ ಹಿಂದೆಯೇ ಬರೆದಿಡಿ. ಬದಲಿಸಿಕೊಳ್ಳುವ ಅವಕಾಶ ಇರುವಾಗಲೇ ದೋಷ ಹೊರಬರಬೇಕು. ಮೊದಲ ಕೆಲವು ಸಲದ ಚಾರ್ಜನ್ನು ಎಚ್ಚರವಿರುವ ಹೊತ್ತಿನಲ್ಲಿ, ಸಿಮೆಂಟಿನ ನೆಲದ ಮೇಲೆ, ಹೊಟ್ಟು-ಥಿನ್ನರ್‌ಗಳಿಂದ ದೂರದಲ್ಲಿ ಮಾಡಿ. ಹಳೆಯ ಪ್ಯಾಕನ್ನು ಗುಜರಿಗೆ ಹಾಕಬೇಡಿ; ಸುತ್ತಿಗೆಯಿಂದ ಒಡೆದಾಗ ಲಿಥಿಯಂ ಸೆಲ್ ಹೊತ್ತಿಕೊಳ್ಳುತ್ತದೆ, ಕ್ಯಾಡ್ಮಿಯಂ ಅಂತೂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದ್ದು, ಮನೆಯ ಕಸದಿಂದ ಅವನ್ನು ಬೇರ್ಪಡಿಸುವ ಹೊಣೆ ನಮ್ಮದು. ಟರ್ಮಿನಲ್ಲುಗಳ ಮೇಲೆ ಟೇಪ್ ಸುತ್ತಿ, ಹೊಸದನ್ನು ಕೊಳ್ಳಲು ಹೋಗುವ ದಿನವೇ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಕೊಡಿ.